ಅಡುಗೆಮನೆ ಕೆಳಗಿನ ಬಾವಿ

"ಇಲ್ಲಿ ನಮ್ಮ ಅತ್ತೆ ಕಾಲದ ಬಾವಿ ಇತ್ತು ಕಣಮ್ಮಾ. ಕಾರ್ಪೊರೇಷನ್ ನೀರು ಬಂದ ಮೇಲೆ ಮಣ್ಣು ಸುರಿದು ಮುಚ್ಚಿದ್ವಿ. ನಿಮ್ಮ ಹುಡುಗರಿಗೆ ಆವತ್ತೇ ಹೇಳಿದ್ದೆ."

ಬೆಂಗಳೂರಿನ ಹಳೇ ಬಡಾವಣೆಯ ಒಬ್ಬ ಅಜ್ಜಿ ಕುಸಿದ ಅಡುಗೆಮನೆ ತೋರಿಸುತ್ತಾ ಈ ಮಾತು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. ನಾನು ಆಗ ಮೆಟ್ರೋ ಸುರಂಗದ ಗುತ್ತಿಗೆದಾರರ ಕಡೆ ಕಾಂಟ್ರಾಕ್ಟ್ಸ್ ಎಂಜಿನಿಯರ್. ಸುರಂಗ ಕೊರೆಯುವ ಯಂತ್ರ (ಟಿಬಿಎಂ) ಅವರ ಮನೆ ಕೆಳಗೆ ಹೋಗುವಾಗ, ಎದುರಿನ ಮಣ್ಣು ಜಾರದಂತೆ ಹಿಡಿದಿಡುವ ಒತ್ತಡ ಇದ್ದಕ್ಕಿದ್ದಂತೆ ಇಳಿಯಿತು. ಬಾವಿಯ ಸಡಿಲ ಮಣ್ಣು ಜಾರಿ, ನೆಲ ಕುಳಿತುಬಿಟ್ಟಿತು. ಮನೆಯವರನ್ನು ಮೊದಲೇ ಹೋಟೆಲಿಗೆ ಕಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಗುಂಡಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬಿ ಮಷೀನ್ ಮತ್ತೆ ಹೊರಡಲು 11 ದಿನ ಹಿಡಿಯಿತು.

ಆ 11 ದಿನದ ಖರ್ಚು ಯಾರದು? ನನ್ನ ಕೆಲಸವೆಲ್ಲ ಇರುವುದು ಈ ಪ್ರಶ್ನೆಯಲ್ಲೇ.

ಮೇಲಿನ ಕಟ್ಟಡದ ಕೆಲಸದಲ್ಲಿ ಏನು ಕಟ್ಟುತ್ತೇವೆ ಅನ್ನುವುದು ಡ್ರಾಯಿಂಗ್‌ನಲ್ಲಿ ಇರುತ್ತದೆ. ಸುರಂಗದಲ್ಲಿ ಹಾಗಲ್ಲ. ಮಣ್ಣು ಪರೀಕ್ಷೆಗೆ ಬೋರ್‌ಹೋಲ್ ಕೊರೆದ ಜಾಗದಲ್ಲಿ ನೆಲ ಹೇಗಿದೆ ಅಂತ ಗೊತ್ತು, ಎರಡು ಬೋರ್‌ಹೋಲ್ ನಡುವೆ ಬರೀ ಅಂದಾಜು. ಅದರಲ್ಲೂ ಬೆಂಗಳೂರಿನ ನೆಲ ತೀರಾ ಕಷ್ಟದ್ದು. ಕೆಳಗೆ ಗಟ್ಟಿ ನೈಸ್ ಬಂಡೆ, ಮೇಲೆ ಕೊಳೆತ ಕಲ್ಲಿನ ಮಣ್ಣು, ನಡುವೆ ಗುಂಡುಕಲ್ಲು. ಯಂತ್ರದ ಮುಂದೆ ತಿರುಗುವ ಕಟರ್ ಹೆಡ್‌ನ ಕೆಳಗಿನ ಅರ್ಧ ಬಂಡೆ ಕಡಿಯುವಾಗ ಮೇಲಿನ ಅರ್ಧ ಮೆತ್ತನೆ ಮಣ್ಣಲ್ಲಿ ಓಡುತ್ತಿರುತ್ತದೆ. ಅದರಲ್ಲಿರುವ ಬಂಡೆ ಕಡಿಯುವ ಚಕ್ರಗಳು, ಡಿಸ್ಕ್ ಕಟರ್‌ಗಳು, ಬೇಗ ಸವೆಯುತ್ತವೆ.

ನಮ್ಮ ಒಪ್ಪಂದ ಫಿಡಿಕ್ ಅನ್ನುವ ಕನ್ಸಲ್ಟಿಂಗ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾದರಿಯದು. ಅದರಲ್ಲಿ ಒಂದು ಅಳತೆಗೋಲು ಇದೆ: ಅನುಭವಿ ಗುತ್ತಿಗೆದಾರ ಟೆಂಡರ್ ಹಾಕುವ ಹೊತ್ತಿಗೆ ಇದನ್ನು ಊಹಿಸಬಹುದಿತ್ತಾ? ಆಗದಿದ್ದರೆ ಹೆಚ್ಚುವರಿ ದಿನಗಳೂ ದುಡ್ಡೂ ಸಿಗುತ್ತವೆ. ಆದರೆ ವಿಷಯ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಟ್ಟಿರಬೇಕು. ನಮ್ಮ ಕಡೆಯವರು ಗ್ರೌಟಿಂಗ್, ಪರಿಹಾರ, ಮೀಟಿಂಗ್ ಅಂತ ಓಡಾಡಿ ಕಾಗದ ಕಳಿಸಿದ್ದು 34ನೇ ದಿನ. ಕ್ಲೇಮ್ ಅಲ್ಲಿಗೇ ಬಿದ್ದುಹೋಯಿತು.

ನೋಟಿಸ್ ಸಮಯಕ್ಕೆ ಹೋಗಿದ್ದರೂ ಗೆಲ್ಲುತ್ತಿದ್ದೆವಾ? ಕಷ್ಟ ಅನ್ನಿಸುತ್ತದೆ. ಬೆಂಗಳೂರಿನ ಹಳೇ ಮನೆಗಳಲ್ಲಿ ಬಾವಿ ಇತ್ತು ಅನ್ನುವುದು ಊರಿಗೇ ಗೊತ್ತು. ಯಾವ ಮನೆಯಲ್ಲಿ ಅನ್ನುವುದು ಮಾತ್ರ ಟೆಂಡರ್ ಹಾಕುವವರಿಗೆ ಗೊತ್ತಿರುವುದಿಲ್ಲ. ಇಂಥದ್ದಕ್ಕೆ 'ಊಹಿಸಬಹುದು, ಊಹಿಸಲಾಗದು' ಅಂತ ಎರಡೇ ಗೆರೆ ಎಳೆದರೆ ಜಗಳ ಮುಗಿಯುವುದಿಲ್ಲ. ಒಪ್ಪಂದದಲ್ಲೇ ಒಂದು ಸಂಖ್ಯೆ ಬರೆಯಬೇಕು. ಈ ಹಾದಿಯಲ್ಲಿ ಇಷ್ಟು ಬಾವಿ ಸಿಗುತ್ತವೆ ಅಂತ ಇಟ್ಟುಕೊಂಡು ದರ ಹಾಕಿ, ಅದಕ್ಕಿಂತ ಜಾಸ್ತಿ ಸಿಕ್ಕರೆ ಕೆಲಸ ಕೊಟ್ಟ ಸಂಸ್ಥೆಯ ಲೆಕ್ಕ. ಬಂಡೆಗೂ ಅಷ್ಟೇ: ಇಷ್ಟು ಮೀಟರ್ ಮಿಶ್ರ ನೆಲ ಅಂತ ಬರೆದುಬಿಡಿ. ನೆಲ ಹೀಗಿರುತ್ತದೆ ಅಂತ ಒಪ್ಪಂದದಲ್ಲೇ ಬರೆದಿಡುವ ಜಿಯೋಟೆಕ್ನಿಕಲ್ ಬೇಸ್‌ಲೈನ್ ರಿಪೋರ್ಟ್ ಇರುವುದೇ ಇದಕ್ಕೆ. 2019ರಲ್ಲಿ ಫಿಡಿಕ್, ಅಂತರರಾಷ್ಟ್ರೀಯ ಸುರಂಗ ಸಂಘದ ಜೊತೆ ಸೇರಿ ಹೊರತಂದ ಸುರಂಗ ಕೆಲಸದ ಮಾದರಿ ಒಪ್ಪಂದ, ಎಮರಾಲ್ಡ್ ಬುಕ್, ಇದನ್ನೇ ನಡುಮಧ್ಯೆ ಇಟ್ಟಿದೆ. ಅದರ ಪ್ರಕಾರ ಅಗೆತ ಮತ್ತು ಲೈನಿಂಗ್ (ಸುರಂಗದ ಒಳಗೋಡೆ) ಕೆಲಸಕ್ಕೆ ಸಿಗುವ ದಿನಗಳು ನಿಜವಾಗಿ ಸಿಕ್ಕ ನೆಲಕ್ಕೆ ತಕ್ಕಂತೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು.

ಎಲ್ಲ ಅಪಾಯವನ್ನೂ ಗುತ್ತಿಗೆದಾರನ ತಲೆಗೇ ಕಟ್ಟಿದರೆ ಸರ್ಕಾರದ ದುಡ್ಡು ಉಳಿಯುತ್ತದೆ ಅಂತ ವಾದಿಸುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಜಾಣನಾದವನು ಆ ಭಯವನ್ನೂ ದರದಲ್ಲಿ ಸೇರಿಸುತ್ತಾನೆ. ಸೇರಿಸದವನು ಕಡಿಮೆಗೆ ಕೆಲಸ ಹಿಡಿದು ನಡುವೆ ನಿಲ್ಲಿಸುತ್ತಾನೆ. ಆಮೇಲೆ ರಸ್ತೆಗೆ ಅಡ್ಡ ನಿಂತ ಬ್ಯಾರಿಕೇಡ್ ಪಕ್ಕ ಅಂಗಡಿ ಇಟ್ಟವರು ವರ್ಷಗಟ್ಟಲೆ ವ್ಯಾಪಾರ ಕಳೆದುಕೊಳ್ಳುತ್ತಾರೆ. ಅವರಿಗೆ ಒಪ್ಪಂದದ ಯಾವ ಕಲಮು ಇದೆ ಹೇಳಿ?

ಅಜ್ಜಿ ಹೇಳಿದ್ದು ನಿಜವಾಗಿತ್ತು. ಸುರಂಗ ಕೊರೆಯುವ ಮೊದಲು ಮನೆ ನೋಡಿ ಬಂದ ಸರ್ವೇ ಹುಡುಗರ ಫಾರ್ಮ್ ಹುಡುಕಿಸಿ ತೆಗೆದೆ. ಗೋಡೆ ಬಿರುಕಿಗೆ ಒಂದು ಕಾಲಂ, ಬಿರುಕಿನ ಅಗಲಕ್ಕೆ ಒಂದು, ಫೋಟೋ ನಂಬರಿಗೆ ಒಂದು. ಬಾವಿಗೆ ಕಾಲಂ ಇರಲಿಲ್ಲ. ಕೊನೆಯಲ್ಲಿ 'ಇತರೆ' ಅಂತ ಇದ್ದ ಜಾಗದಲ್ಲಿ ಒಬ್ಬ ಹುಡುಗ ಪೆನ್ಸಿಲ್‌ನಲ್ಲಿ ಬರೆದಿದ್ದ: 'ಹಳೇ ಬಾವಿ, ಅಡುಗೆಮನೆ ಕೆಳಗೆ, ಮುಚ್ಚಿದೆ.' ಪಾಪ, ಅವನು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಆ ಸಾಲು ಟಿಬಿಎಂ ಓಡಿಸುವವರ ಡ್ರಾಯಿಂಗಿಗೆ ಹೋಗಲೇ ಇಲ್ಲ. ನನ್ನ ಮೇಜಿಗೂ ಬರಲಿಲ್ಲ.

ಈಗ ಇನ್ನೊಂದು ಸುರಂಗದ ಕೆಲಸದಲ್ಲಿದ್ದೇನೆ. ಮನೆ ಸರ್ವೇ ಫಾರ್ಮ್ ನಾನೇ ಕೂತು ಬರೆದೆ. ಬಿರುಕಿಗಿಂತ ಮೊದಲು ಬರುವ ಪ್ರಶ್ನೆ: ಇಲ್ಲಿ ಬಾವಿ ಇತ್ತಾ? ಎಷ್ಟು ಆಳ? ಯಾವಾಗ ಮುಚ್ಚಿದ್ದು? ಮನೆಯ ಹಿರಿಯರನ್ನೇ ಕೇಳಿ ಅಂತ ಹುಡುಗರಿಗೆ ಹೇಳಿದ್ದೇನೆ. ಮೊನ್ನೆ ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಮೂರನೇ ಮನೆಯ ತಾತ ಕುರ್ಚಿಯಿಂದ ಎದ್ದು, ಕೋಲು ಊರಿಕೊಂಡು ಹಿತ್ತಲಿಗೆ ಬಂದು, ತುಳಸಿಕಟ್ಟೆ ಪಕ್ಕದ ನೆಲಕ್ಕೆ ಕೋಲಿನಿಂದ ಎರಡು ಸಲ ತಟ್ಟಿದರು.