ಶೇಕಡಾ ಲೆಕ್ಕವೂ ಆಲೆಮನೆಯ ಬೆಲ್ಲವೂ

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಗೆ ಗಣಿತ ಹೇಳಿಕೊಡುವ ನನಗೆ ಶೇಕಡಾ ಲೆಕ್ಕ ಪ್ರತಿವರ್ಷದ ತಲೆನೋವು. ಅಂಗಿಯ ರಿಯಾಯಿತಿಯ ಲೆಕ್ಕಕ್ಕೆ ಮೂರು ದಿನ ಬಾಯಿ ಬಿಡದೆ ಕುಳಿತಿದ್ದ ಹುಡುಗನನ್ನು, ಅವನ ಮನೆಯವರು ಆಲೆಮನೆ ನಡೆಸುವುದು ನೆನಪಾಗಿ, ಒಂದು ಟನ್ ಕಬ್ಬಿಗೆ ಎಷ್ಟು ಬೆಲ್ಲ ಬರುತ್ತದೆಂದು ಕೇಳಿದೆ.

“ನೂರು ಕೆಜಿ ಮಿಸ್, ಕಬ್ಬು ಚೆನ್ನಾಗಿದ್ರೆ ನೂರಹತ್ತು.”

ಹಾಗಾದರೆ ನೂರು ಕೆಜಿ ಕಬ್ಬಿಗೆ? “ಹತ್ತು, ಇಲ್ಲಾಂದ್ರೆ ಹನ್ನೊಂದು.” ಅದೇ ಶೇಕಡಾ ಎಂದಾಗ, ಇಷ್ಟಕ್ಕೇ ಮೂರು ದಿನವೇ ಎನ್ನುವಂತೆ ನನ್ನನ್ನು ನೋಡಿದ.

ಮನಸ್ಸು ಏಕಕಾಲದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ಏಳು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು; ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ನಮೂದಿತ ಬೆಲೆ, ರಿಯಾಯಿತಿ, ಮಾರಾಟ ಬೆಲೆ ಎಂಬ ಅಪರಿಚಿತ ಪದಗಳೇ ಆ ಕಿರಿದಾದ ಜಾಗವನ್ನು ತುಂಬಿಬಿಟ್ಟರೆ ಲೆಕ್ಕಕ್ಕೆ ಎಡೆಯೆಲ್ಲಿ? ಗಾಣ, ಕೊಪ್ಪರಿಗೆ, ಪಾಕ, ಅಚ್ಚು ಎಲ್ಲವೂ ಆ ಹುಡುಗನ ದೀರ್ಘಕಾಲದ ನೆನಪಿನಲ್ಲಿ ಒಂದೇ ಗಂಟಾಗಿ ಕುಳಿತಿರುವುದರಿಂದ, ಹೊಸ ವಿಷಯಕ್ಕೆ ಸ್ಥಳ ಉಳಿಯುತ್ತದೆ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹತ್ತಿರದ್ದು: ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟನ್ನು ಸರಿಯಾಗಿ ಬಿಡಿಸಿದ ಮಕ್ಕಳು, ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಶೇ. 37ರಷ್ಟನ್ನು ಮಾತ್ರ ಬಿಡಿಸಿದರು. ಪರೀಕ್ಷೆಗೆ ಒಳಗಾದವರು ಐದೇ ಮಕ್ಕಳು, ನಿಜ. ಆದರೂ ನನ್ನ ತರಗತಿಯಲ್ಲಿ ನಾನು ಕಾಣುವುದೂ ಇದನ್ನೇ.

ಮಕ್ಕಳ ಮನೆಯ ಬದುಕಿನಿಂದಲೇ ಪಾಠ ಹೇಳುವ ಈ ಬಗೆಗೆ ಸಂಸ್ಕೃತಿಗೆ ಸ್ಪಂದಿಸುವ ಬೋಧನೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳಿಗೆ ಪಂಚೆ, ಸೀರೆ ಉಡಿಸಿ ಫೋಟೊ ತೆಗೆಸುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ.

ಹಾಗೆಂದು ನಾನೂ ಜಾಣೆಯೇನಲ್ಲ. ಗೆದ್ದ ಹುರುಪಿನಲ್ಲಿ ಮರುದಿನ ಇಡೀ ತರಗತಿಗೆ ಬೆಲ್ಲದ ಲೆಕ್ಕಗಳನ್ನೇ ಕೊಟ್ಟೆ. ಮಂಡ್ಯದ ಮಕ್ಕಳಿಗೆಲ್ಲ ಕಬ್ಬು ಗೊತ್ತಿರಲೇಬೇಕೆಂಬುದು ನನ್ನ ಎಣಿಕೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ಸಿಲ್ಲಿನ ತುದಿ ಕಚ್ಚುತ್ತ ಕುಳಿತಿದ್ದಳು. ಅವಳ ತಾಯಿ ಹೂವು ಮಾರುವವರು. ಆಲೆಮನೆಯನ್ನು ಅವಳು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದಳು. ಮಾರಿಗೆ ನಾಲ್ಕು ಮೊಳವಾದರೆ, ಮೂರು ಮೊಳ ಮಲ್ಲಿಗೆ ಮಾರಿನ ಶೇಕಡಾ ಎಷ್ಟಾಯಿತೆಂದು ಕೇಳಿದೆ.

“ಎಪ್ಪತ್ತೈದು. ಆದ್ರೆ ಯಾರ ಮೊಳ ಮಿಸ್? ನಮ್ಮಮ್ಮನ ಕೈಗಿಂತ ನನ್ನ ಕೈ ಚಿಕ್ಕದು.”

ಅಳತೆಯ ಪಾಠ ಮುಂದಿನ ತಿಂಗಳಿಗಿತ್ತು. ಅದನ್ನು ಅಂದೇ ಶುರುಮಾಡಿದೆ.