ಶಿರಾಡಿಯಲ್ಲಿ ಉಳಿಸಿದ 39 ನಿಮಿಷ

ಗುಂಡ್ಯದ ಹತ್ತಿರ ನನ್ನದೊಂದು ಟೈರ್ ಅಂಗಡಿ ಇದೆ. ಶಿರಾಡಿ ಘಾಟಿ ಇಳಿದು ಬಂದ ಲಾರಿ ಅಂಗಡಿ ಮುಂದೆ ನಿಂತರೆ ಮೊದಲು ವಾಸನೆ ನೋಡುತ್ತೇನೆ. ಟೈರ್ ಆಮೇಲೆ. ಬ್ರೇಕ್ ಲೈನರ್ ಸುಟ್ಟರೆ ಗಂಟಲಿಗೆ ಹಿಡಿಯುವ ಒಂದು ಕಮಟು ವಾಸನೆ ಬರುತ್ತದೆ. ಆಮೇಲೆ ಅಂಗೈಯನ್ನು ಹಿಂಚಕ್ರದ ಹತ್ತಿರ ಒಯ್ಯುತ್ತೇನೆ. ಮುಟ್ಟುವುದೇ ಬೇಡ, ಒಂದು ಗೇಣು ದೂರದಲ್ಲೇ ಗೊತ್ತಾಗಿಬಿಡುತ್ತದೆ, ಡ್ರೈವರ್ ಮೇಲಿನಿಂದ ಗಾಡಿಯನ್ನು ಹೇಗೆ ಇಳಿಸಿಕೊಂಡು ಬಂದ ಅಂತ.

ಹನ್ನೊಂದು ವರ್ಷ ನಾನೂ ಲಾರಿ ಓಡಿಸಿದವನು. 2009ರ ಅಕ್ಟೋಬರ್‌ನ ಒಂದು ರಾತ್ರಿ ಹಾಸನದಿಂದ ಮಂಗಳೂರಿಗೆ ಮೆಕ್ಕೆಜೋಳದ ಲೋಡ್ ಹೊರಟಿದ್ದೆ. ಹತ್ತು ಚಕ್ರದ ಗಾಡಿ, ಮಾಲು ಸೇರಿ 25 ಟನ್. ಲೋಡ್ ಆಗುವುದೇ ತಡವಾಗಿತ್ತು. ಸಕಲೇಶಪುರ ದಾಟುವಷ್ಟರಲ್ಲಿ ಓನರ್ ಮೂರು ಸಲ ಫೋನ್ ಮಾಡಿದ್ದರು. "ಬೆಳಿಗ್ಗೆ ಆರಕ್ಕೆ ಗೋಡೌನ್ ಮುಂದೆ ಇರ್ಬೇಕು."

"ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್" ಎಂದು ನನ್ನ ಕೈಗೆ ಸ್ಟೇರಿಂಗ್ ಕೊಟ್ಟ ಹಿರಿಯ ಡ್ರೈವರ್ ನೂರು ಸಲ ಹೇಳಿದ್ದರು. ಸೆಕೆಂಡ್‌ನಲ್ಲಿ ಇಳಿಸಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಆ ರಾತ್ರಿ ನಾನು ಅವರ ಮಾತು ಮೀರಿದೆ. ದೋಣಿಗಲ್ ದಾಟಿದ ಮೇಲೆ ಫೋರ್ತ್‌ನಲ್ಲೇ ಬಿಟ್ಟೆ. ಮನಸ್ಸಿನಲ್ಲಿ ಲೆಕ್ಕ ನಡೆದಿತ್ತು. ಘಾಟಿ ದಾರಿ ಸುಮಾರು 26 ಕಿಲೋಮೀಟರ್. 20ರ ವೇಗದಲ್ಲಿ ಹೋದರೆ 78 ನಿಮಿಷ. 40ರಲ್ಲಿ ಹೋದರೆ 39. ಅಷ್ಟು ಹೊತ್ತು ಉಳಿಯುತ್ತದಲ್ಲ ಅಂದುಕೊಂಡೆ.

ಹೆಗ್ಗದ್ದೆ ಕಳೆದ ಮೇಲೆ ವಾಸನೆ ಬಂತು. ಎಡಗಡೆ ತೂಕಡಿಸುತ್ತಿದ್ದ ಕ್ಲೀನರ್ ಹುಡುಗ ಎದ್ದು ಕೂತು "ಅಣ್ಣಾ, ಏನೋ ಸುಡ್ತಿದೆ" ಅಂದ. ಬ್ರೇಕ್ ಒತ್ತಿದೆ. ಕಾಲು ಎಂದಿನಂತೆ ಕೆಳಗೆ ಹೋಯಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದೆ. ಲಾರಿ ಬ್ರೇಕ್ ಹಿಡಿಯುವುದೇ ಹವಾದ ಒತ್ತಡದಲ್ಲಿ. ಆ ಹವಾ ಗೇಜಿನ ಮುಳ್ಳು ಏಳರಿಂದ ನಾಲ್ಕರ ಕಡೆಗೆ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಗೇರ್ ಇಳಿಸಲು ಹೋದೆ. ಆ ವೇಗದಲ್ಲಿ ಥರ್ಡ್ ಬೀಳಲೇ ಇಲ್ಲ, ಕರಕರ ಅಂತ ಹಲ್ಲು ಕಡಿದು ನ್ಯೂಟ್ರಲ್‌ಗೆ ಬಂತು. 25 ಟನ್, ಇಳಿಜಾರು, ಹಿಡಿಯಲು ಏನೂ ಇಲ್ಲ.

ತಿರುವು ದಾಟಿದರೆ ಎದುರಿಗೆ ಕೆಂಪು ದೀಪಗಳ ಸಾಲು. ಮುಂದೆ ಯಾವುದೋ ಗಾಡಿ ಕೆಟ್ಟು ಎಲ್ಲರೂ ನಿಂತಿದ್ದರು. ಸಾಲಿನ ಕೊನೆಯಲ್ಲಿ ಒಂದು ಬಸ್ಸು. ನಾನು ಸ್ಟೇರಿಂಗನ್ನು ಗುಡ್ಡದ ಕಡೆ ಎಳೆದೆ. ಮುಂಚಕ್ರ ಚರಂಡಿಗೆ ಬಿತ್ತು, ಬಾಡಿ ಮಣ್ಣಿನ ಗೋಡೆಗೆ ಉಜ್ಜಿಕೊಂಡು ಉಜ್ಜಿಕೊಂಡು ನಿಂತಿತು. ಹೆಡ್‌ಲೈಟ್ ಒಂದೇ ಉಳಿದಿತ್ತು. ಅದರ ಬೆಳಕಿನಲ್ಲಿ ಬಸ್ಸಿನ ಹಿಂಭಾಗ ಕಂಡಿತು. ಅಲ್ಲಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ಹೆಸರು ಗೀಚಿದ್ದರು. ಅದನ್ನು ಓದುವಷ್ಟು ಹತ್ತಿರದಲ್ಲಿದ್ದೆ. ಒಳಗೆ ಜನ ಮಲಗಿದ್ದರು.

ಕೈ ನಡುಕ ನಿಲ್ಲಲು ಬೆಳಗಾಯಿತು. ಗಾಡಿ ಎತ್ತಿಸಿ, ರಿಪೇರಿ ಮಾಡಿಸಿ, ಎರಡು ದಿನ ತಡವಾಗಿ ಆ ಗೋಡೌನ್ ತಲುಪಿದರೆ ನನ್ನ ಮುಂದೆ 14 ಲಾರಿ. ಮಾಲು ಇಳಿದದ್ದು ಮರುದಿನ ಸಂಜೆ. ಆರಕ್ಕೇ ತಲುಪಿದ್ದರೂ ಹೀಗೇ ಕಾಯಬೇಕಿತ್ತು ಅಂತ ಅಲ್ಲಿನ ಹಮಾಲಿಗಳೇ ಹೇಳಿದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಈ ವಿಷಯಕ್ಕೆ. ರಸ್ತೆಯಲ್ಲಿ ಡ್ರೈವರ್‌ಗೆ ನಿಮಿಷದ ಲೆಕ್ಕ ಕೇಳುವವರು ಗೋಡೌನ್ ಮುಂದೆ ಅವನ ದಿನಗಳನ್ನೇ ತಿನ್ನುತ್ತಾರೆ.

ಹುಡುಗರಿಗೆ ನಾನು ಹೇಳುವುದು ಇಷ್ಟು. ವೇಗ ಎರಡರಷ್ಟಾದರೆ ಗಾಡಿ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅಷ್ಟೂ ಚಕ್ರದ ಜೊತೆ ತಿರುಗುವ, ಲೈನರ್ ಒತ್ತಿ ಹಿಡಿಯುವ ಡ್ರಮ್‌ನಲ್ಲಿ ಬಿಸಿಯಾಗುತ್ತದೆ. ಬಿಸಿಯಾದ ಡ್ರಮ್ ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ. 80ಕ್ಕೆ ಕೂರಿಸಿದ ಸ್ಪೀಡ್ ಗವರ್ನರ್ ಇದೆಯಲ್ಲ ಅನ್ನುತ್ತಾರೆ. ಅದು ಇಂಜಿನ್‌ಗೆ ಹೋಗುವ ಡೀಸೆಲ್ ತಡೆಯುತ್ತದೆ ಅಷ್ಟೇ. ಇಳಿಜಾರಿನಲ್ಲಿ ಗಾಡಿಯನ್ನು ಎಳೆಯುವುದು ಅದರ ಭಾರ. ಅದಕ್ಕೆ ಯಾವ ಗವರ್ನರ್?

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವ ಚಟ ಇನ್ನೂ ಕೆಟ್ಟದ್ದು. 2022ರ ನವೆಂಬರ್‌ನಲ್ಲಿ ಪುಣೆಯ ನವಲೆ ಸೇತುವೆ ಹತ್ತಿರ, ನಮ್ಮ ಬೆಂಗಳೂರು–ಪುಣೆ ಹೆದ್ದಾರಿಯಲ್ಲೇ, ಇಳಿಜಾರಿನಲ್ಲಿ ಬಂದ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಡ್ರೈವರ್ ಇಂಜಿನ್ ಆಫ್ ಮಾಡಿ ಇಳಿಸುತ್ತಿದ್ದ ಅಂತ ಪೊಲೀಸರು ಹೇಳಿದರು. ಇಂಜಿನ್ ನಿಂತರೆ ಹವಾ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಎಷ್ಟು ಡೀಸೆಲ್ ಉಳಿದೀತು, ಒಂದು ಲೀಟರ್?

ಕಾರಿನವರಿಗೂ ಒಂದು ಮಾತು. ಲಾರಿ ಮುಂದೆ ಖಾಲಿ ಜಾಗ ಕಂಡರೆ ಸುಮ್ನೆ ನುಗ್ಗಬೇಡಿ. ಡ್ರೈವರ್ ನಿಲ್ಲಿಸಲು ಬೇಕು ಅಂತ ಬಿಟ್ಟುಕೊಂಡ ಜಾಗ ಅದು. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅವನ ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಆ ಜಾಗ ಮುಗಿದಿರುತ್ತದೆ.

ಘಾಟಿಗೆ ಕಾಂಕ್ರೀಟ್ ಬಂದ ಮೇಲೆ ಗುಂಡಿ ಹೋಯಿತು, ಒಳ್ಳೆಯದೇ. ಆದರೆ ಗುಂಡಿಗೆ ಹೆದರಿ ನಿಧಾನ ಹೋಗುತ್ತಿದ್ದವರೂ ಈಗ ಬಿಟ್ಟುಕೊಂಡು ಬರುತ್ತಾರೆ. ಬರುವ ಲಾರಿಗಳ ವಾಸನೆಯಿಂದಲೇ ನನಗೆ ಗೊತ್ತಾಗುತ್ತದೆ.

ಕಳೆದ ವಾರ ಒಬ್ಬ ಹುಡುಗ ಬಂದ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಹಿಂಚಕ್ರದಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಬಕೆಟ್ ಹಿಡಿದು ನೀರು ಹೊಯ್ಯಲು ಹೋದ. ತಡೆದೆ, ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. "ಅರ್ಧ ಗಂಟೆ ಸುಮ್ನೆ ಕೂತ್ಕೋ" ಅಂದೆ. ಅವನ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ನಾನೇ ತೆಗೆದುಕೊಂಡು "ಗಾಡಿ ಗುಂಡ್ಯದಲ್ಲಿದೆ, ಡ್ರಮ್ ಆರಬೇಕು, ಆರಿದ ಮೇಲೆ ಕಳಿಸ್ತೀನಿ" ಅಂದೆ. ಆ ಕಡೆಯವರು ಏನೋ ಕೂಗಾಡಿದರು. ಹುಡುಗ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ಎರಡು ಗಂಟೆ ಎಬ್ಬಿಸಲಿಲ್ಲ.