ಒಂದು ಪದದ ಮೇಲೆ ಗೀಟು

ಇವತ್ತು ಬಾಡಿಗೆ ಕರಾರಿನಲ್ಲಿ ಒಂದು ಪದ ಬೇಡ ಅಂದೆ. ಓನರ್ ಸುಮ್ನೆ ನಕ್ಕು ಗೀಟು ಎಳೆದರು.

ತಕ್ಷಣ ಜೆರೆಮಿ ಮೂರ್ ನೆನಪಾದರು. ಬ್ರಿಟನ್ನಿನ ರಾಯಲ್ ಮರೀನ್ಸ್‌ನ ಮೇಜರ್ ಜನರಲ್. ಮಲಯಾದ ಕಾಡಿನಲ್ಲಿ ಒಂದು ಮಿಲಿಟರಿ ಕ್ರಾಸ್ ಪದಕ. 1962ರಲ್ಲಿ ಬೋರ್ನಿಯೋದ ಲಿಂಬಾಂಗ್‌ನಲ್ಲಿ ಒತ್ತೆಯಾಳುಗಳನ್ನು ಬಿಡಿಸಿದ್ದಕ್ಕೆ ಇನ್ನೊಂದು. ಅಂಥ ಮನುಷ್ಯ.

1982ರ ಜೂನ್ 14ರ ರಾತ್ರಿ, ಬ್ರಿಟನ್ ಮತ್ತು ಅರ್ಜೆಂಟೀನಾ ಯುದ್ಧ ಮಾಡಿದ ದ್ವೀಪಗಳಾದ ಫಾಕ್‌ಲ್ಯಾಂಡ್ಸ್‌ನ ಸ್ಟ್ಯಾನ್ಲಿ. ಟೈಪ್ ಮಾಡಿದ ಶರಣಾಗತಿ ಪತ್ರ ಮುಂದಿದೆ. ಅರ್ಜೆಂಟೀನಾದ ಜನರಲ್ ಮೆನೆಂಡೆಸ್ ಸೋಲೊಪ್ಪಲು ತಯಾರು, ಆದರೆ ‘ಬೇಷರತ್ತಾಗಿ’ ಅನ್ನುವ ಪದ ಬೇಡ. ಗೆದ್ದವರು ಹಟ ಹಿಡಿಯಬಹುದಿತ್ತು, ಅಲ್ವಾ? ಮೂರ್ ಹಿಡಿಯಲಿಲ್ಲ. ಆ ಪದಕ್ಕೆ ಪೆನ್ನಿನಲ್ಲೇ ಗೀಟು ಬಿತ್ತು, ಸಹಿ ಆಯಿತು.

ನಮ್ಮ ಓನರ್ ಪದ ಬಿಟ್ಟರು. ಅಡ್ವಾನ್ಸ್‌ನಲ್ಲಿ ಮಾತ್ರ ಒಂದು ರೂಪಾಯಿಯೂ ಇಳಿಸಲಿಲ್ಲ!